ಮನೆಯ ಅಕ್ವೇರಿಯಂನಲ್ಲಿ ಸಣ್ಣ ಶಾರ್ಕ್ ಸಾಕಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ನಿಜವಾಗಿಯೂ ಶಾರ್ಕ್ ಸಾಕಬಹುದೇ?

ಸಾಕಬಹುದು. ಆದರೆ ಐನೂರಕ್ಕೂ ಹೆಚ್ಚು ಶಾರ್ಕ್ ಜಾತಿಗಳಲ್ಲಿ ಮನೆಯ ಟ್ಯಾಂಕಿಗೆ ಒಗ್ಗುವವು ಬೆರಳೆಣಿಕೆಯಷ್ಟೇ. ಅವೆಲ್ಲ ಹಗಲು ಬಂಡೆಸಂದಿಯಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಆಹಾರ ಹುಡುಕುತ್ತ ತಳದಲ್ಲೇ ಓಡಾಡುವ ಜಾತಿಗಳು. ಇವು ಬಾಯಿ ಆಡಿಸಿ ನೀರನ್ನು ಕಿವಿರಿಗೆ ತಳ್ಳಿಕೊಳ್ಳುತ್ತವೆ, ಹಾಗಾಗಿ ಮಲಗಿದ್ದಲ್ಲೇ ಉಸಿರಾಡಬಲ್ಲವು. ಸದಾ ಈಜುತ್ತಿದ್ದರೆ ಮಾತ್ರ ಕಿವಿರಿಗೆ ನೀರು ಸಿಗುವ ಜಾತಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಗೋಡೆಗೆ ಮೂತಿ ಉಜ್ಜಿಕೊಂಡು, ಗಾಯ ಕೊಳೆತು ಸಾಯುತ್ತವೆ.

ಕೊಳ್ಳುವಾಗ ನೀವು ನೋಡುವುದು ಒಂದು ಗೇಣೂ ಇಲ್ಲದ ಮರಿಯನ್ನು. ಸಾಕಬೇಕಾದದ್ದು ಮುಕ್ಕಾಲು ಮೀಟರ್‌ನಿಂದ ಒಂದು ಮೀಟರ್ ಉದ್ದದ, ಇಪ್ಪತ್ತು ವರ್ಷ ಬದುಕಬಲ್ಲ ಪ್ರಾಣಿಯನ್ನು. ಈ ಪುಟದ ಎಲ್ಲ ಲೆಕ್ಕವೂ ಬೆಳೆದ ಮೀನಿನದು.

ಯಾವ ಜಾತಿ ಆರಿಸಿಕೊಳ್ಳಬೇಕು?

ಜಾಗ ಕಡಿಮೆಯಿದ್ದರೆ ಕೋರಲ್ ಕ್ಯಾಟ್‌ಶಾರ್ಕ್. ಸಪೂರ ದೇಹ, ಮೈತುಂಬ ಕಪ್ಪು ಬಿಳಿ ಚುಕ್ಕೆ, ಪೂರ್ತಿ ಬೆಳೆದರೂ ಸುಮಾರು 70 ಸೆಂ.ಮೀ. ಹಗಲಿಡೀ ಕಣ್ಣಿಗೇ ಬೀಳದಿರಬಹುದು. ಅದು ಈ ಜಾತಿಯ ಸ್ವಭಾವ, ಕಾಯಿಲೆಯಲ್ಲ.

ನಮ್ಮ ಮೊದಲ ಆಯ್ಕೆ ಎಪೊಲೆಟ್ ಶಾರ್ಕ್. ಎದೆರೆಕ್ಕೆಯ ಹಿಂದೆ ಬಿಳಿ ಅಂಚಿನ ದೊಡ್ಡ ಕಪ್ಪು ಬೊಟ್ಟು ಇದರ ಗುರುತು. ಸಾಮಾನ್ಯವಾಗಿ 70ರಿಂದ 90 ಸೆಂ.ಮೀ., ಅಪರೂಪಕ್ಕೆ ಒಂದು ಮೀಟರ್ ದಾಟುತ್ತದೆ. ಇದರ ಮೂಲ ಉತ್ತರ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ತೆಳುನೀರಿನ ಹವಳದ ದಿಬ್ಬಗಳು. ಇಳಿತದಲ್ಲಿ ಸಿಕ್ಕಿಬೀಳುವ ಗುಂಡಿಗಳಲ್ಲಿ ಆಮ್ಲಜನಕ ತೀರಾ ಕುಸಿದರೂ ಬದುಕುವ, ಒಂದು ಗುಂಡಿಯಿಂದ ಇನ್ನೊಂದಕ್ಕೆ ರೆಕ್ಕೆಗಳನ್ನೇ ಕಾಲಿನಂತೆ ಊರಿ ನಡೆದುಹೋಗುವ ಮೀನು ಇದು. ಗಟ್ಟಿಜೀವ, ಮನುಷ್ಯರಿಗೂ ಬೇಗ ಹೊಂದಿಕೊಳ್ಳುತ್ತದೆ.

ಮಾರಾಟದಲ್ಲಿ ಹೆಚ್ಚು ಕಾಣುವುದು ಬ್ಯಾಂಬೂ ಶಾರ್ಕ್‌ಗಳು. ಬಿಳಿಚುಕ್ಕೆಯ ಬ್ಯಾಂಬೂ ಸುಮಾರು 95 ಸೆಂ.ಮೀ. ಬೆಳೆಯುತ್ತದೆ, ಕಂದುಪಟ್ಟೆಯ ಬ್ಯಾಂಬೂ ಒಂದು ಮೀಟರ್ ದಾಟುತ್ತದೆ. ಕಂದುಪಟ್ಟೆಯ ಮರಿಯ ಮೈಮೇಲಿನ ಕಪ್ಪು ಬಿಳಿ ಪಟ್ಟೆಗಳಿಗೆ ಮರುಳಾಗಿ ತರುವವರೇ ಹೆಚ್ಚು. ಬೆಳೆದಂತೆ ಆ ಪಟ್ಟೆಗಳು ಮಾಸಿ, ಮೈಯೆಲ್ಲ ಒಂದೇ ಕಂದುಬಣ್ಣವಾಗುತ್ತದೆ ಎನ್ನುವುದನ್ನು ಮಾರುವವರು ಹೇಳುವುದು ಕಡಿಮೆ.

ಹಾರ್ನ್ ಶಾರ್ಕ್ ಕೂಡ ಸಾಧು, ಸುಮಾರು ಒಂದು ಮೀಟರ್. ಆದರೆ ಅದು ತಣ್ಣೀರಿನ ಮೀನು. ವರ್ಷವಿಡೀ ನೀರು ತಣಿಸುವ ಚಿಲ್ಲರ್ ಓಡಿಸುವ ತಯಾರಿ ಇಲ್ಲದಿದ್ದರೆ ಬಿಟ್ಟುಬಿಡಿ.

ಯಾವುದನ್ನು ತರಲೇಬಾರದು?

ನರ್ಸ್ ಶಾರ್ಕ್ ಮರಿ ಬ್ಯಾಂಬೂ ಮರಿಯಷ್ಟೇ ಮುದ್ದು, ಬೆಳೆದರೆ 3 ಮೀಟರ್. ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್ ಒಂದೂವರೆ ಮೀಟರ್ ದಾಟುವ, ನಿಲ್ಲದೆ ಈಜುವ ಮೀನು. ಅದಕ್ಕೆ ಬೇಕಾದದ್ದು ಟ್ಯಾಂಕಲ್ಲ, ಕೊಳ. ಅದು ಸೇರಿದ ರೆಕ್ವಿಯಂ ಶಾರ್ಕ್ ಕುಟುಂಬವನ್ನು ಇಡಿಯಾಗಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಲು 2022ರಲ್ಲಿ ತೀರ್ಮಾನವಾಗಿ, 2023ರ ನವೆಂಬರ್‌ನಿಂದ ಜಾರಿಯಲ್ಲಿದೆ. ದಾಖಲೆಯಿಲ್ಲದೆ ಗಡಿ ದಾಟಿ ಬಂದ ಮೀನು ಎಂದರೆ ಕಾನೂನಿನ ತೊಡಕೂ ಜೊತೆಗೇ ಬಂದಂತೆ. ಲೆಪರ್ಡ್ ಶಾರ್ಕ್ ಒಂದೂವರೆ ಮೀಟರ್ ಬೆಳೆಯುವ ತಣ್ಣೀರಿನ ಮೀನು. ವಾಬೆಗಾಂಗ್ ಮಲಗಿದ್ದಲ್ಲೇ ಮಲಗಿರುತ್ತದೆ ನಿಜ, ಆದರೆ ತನ್ನಷ್ಟೇ ದಪ್ಪದ ಟ್ಯಾಂಕ್‌ಮೇಟನ್ನೂ ನುಂಗುತ್ತದೆ, ಸ್ವಚ್ಛ ಮಾಡುವ ಕೈಯನ್ನೂ ಕಚ್ಚುತ್ತದೆ.

ಉಳಿದ ಯಾವುದೇ ಜಾತಿಯಾದರೂ ನೀವಿರುವಲ್ಲಿ ಅದನ್ನು ಸಾಕಲು ಅನುಮತಿ ಬೇಕೇ ಎಂದು ಅರಣ್ಯ ಅಥವಾ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ, ಆಮೇಲೆ ಮುಂಗಡ ಕೊಡಿ.

ಬಾಲಾ ಶಾರ್ಕ್, ರೆಡ್‌ಟೇಲ್ ಶಾರ್ಕ್‌ಗಳು ಸಿಹಿನೀರಿನವಲ್ಲವೇ? ಅವು ಸುಲಭ ಅಲ್ಲವೇ?

ಅವು ಶಾರ್ಕ್‌ಗಳೇ ಅಲ್ಲ. ಬಾಲಾ ಮತ್ತು ರೆಡ್‌ಟೇಲ್ ಕಾರ್ಪ್ ಬಳಗದವು. ಇರಿಡೆಸೆಂಟ್ ಶಾರ್ಕ್ ಎಂದು ಮಾರುವುದು ಒಂದು ಬಗೆಯ ಕ್ಯಾಟ್‌ಫಿಶ್; ಅದೂ ಒಂದು ಮೀಟರ್ ಮೀರಿ ಬೆಳೆಯುತ್ತದೆ. ಈ ಪುಟದ ಯಾವ ಸೂಚನೆಯೂ ಅವಕ್ಕೆ ಅನ್ವಯಿಸುವುದಿಲ್ಲ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು?

ಲೀಟರ್ ಆಮೇಲೆ ನೋಡೋಣ, ಮೊದಲು ತಳದ ವಿಸ್ತೀರ್ಣ. ತಳದಲ್ಲಿ ಬದುಕುವ ಮೀನಿಗೆ ಎತ್ತರದಿಂದ ಉಪಯೋಗವಿಲ್ಲ. ಒಂದು ಎಪೊಲೆಟ್ ಅಥವಾ ಬಿಳಿಚುಕ್ಕೆಯ ಬ್ಯಾಂಬೂಗೆ 240 ಸೆಂ.ಮೀ. ಉದ್ದ, 120 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರ, ಅಂದರೆ ಒಟ್ಟು 1,728 ಲೀಟರ್. ಕೋರಲ್ ಕ್ಯಾಟ್‌ಶಾರ್ಕಿಗೆ 180 × 90 × 60 ಸೆಂ.ಮೀ., ಅಂದರೆ 972 ಲೀಟರ್, ಸಾಕಾಗುತ್ತದೆ.

ಇಲ್ಲಿ ಜನ ಎಡವುವುದು ಅಗಲದಲ್ಲಿ. ಎರಡೂವರೆ ಮೀಟರ್ ಉದ್ದವಿದ್ದು ಅಗಲ ಬರೀ 60 ಸೆಂ.ಮೀ. ಇರುವ ಟ್ಯಾಂಕ್ ನೋಡಲು ಭರ್ಜರಿ. 80 ಸೆಂ.ಮೀ.ನ ಮೀನು ಅದರಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬಹುದು, ತಿರುಗಬೇಕಾದಾಗ ಮಾತ್ರ ಬಿಲ್ಲಿನಂತೆ ಬಾಗಬೇಕು. ದಿನಕ್ಕೆ ನೂರಾರು ಸಲ ಹಾಗೆ ಬಾಗಿ, ಮೂತಿಯನ್ನೂ ಬಾಲದ ತುದಿಯನ್ನೂ ಗಾಜಿಗೆ ತಾಗಿಸುತ್ತ ಇದ್ದರೆ ಚರ್ಮ ತರಚಿ ಸೋಂಕು ಹತ್ತುತ್ತದೆ. ಅಗಲ ಬೆಳೆದ ಮೀನಿನ ಉದ್ದಕ್ಕಿಂತ ಕಾಲುಭಾಗವಾದರೂ ಹೆಚ್ಚಿರಲಿ.

ಭಾರದ ಲೆಕ್ಕವೂ ಇದೆ. 1,728 ಲೀಟರ್ ಉಪ್ಪುನೀರೇ 1,770 ಕಿಲೋ. ಗಾಜು, ಸ್ಟ್ಯಾಂಡ್, ಮರಳು, ಬಂಡೆ, ಕೆಳಗಿನ ಸಂಪ್ (ಫಿಲ್ಟರ್ ಇಡುವ ಎರಡನೇ ತೊಟ್ಟಿ) ಎಲ್ಲ ಸೇರಿದರೆ ಎರಡು ಟನ್‌ಗಿಂತ ಎಷ್ಟೋ ಹೆಚ್ಚು. ನೆಲಮಹಡಿಯ ಗಟ್ಟಿ ನೆಲವಾದರೆ ಸರಿ. ಮೇಲಿನ ಮಹಡಿಯಾದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಒಪ್ಪದೆ ಮುಂದುವರಿಯಬೇಡಿ.

ಮರಿ ಇರುವಾಗ ಚಿಕ್ಕ ಟ್ಯಾಂಕ್, ಆಮೇಲೆ ದೊಡ್ಡದು ಮಾಡಿದರಾಗದೇ?

ಆಗದು ಎಂದೇನಲ್ಲ, ಆದರೆ ಹಾಗೆ ಹೇಳಿದವರಲ್ಲಿ ಬಹಳ ಜನ ಆ ದೊಡ್ಡ ಟ್ಯಾಂಕ್ ಮಾಡುವುದೇ ಇಲ್ಲ. ಚೆನ್ನಾಗಿ ತಿನ್ನುವ ಮರಿ ಒಂದೇ ವರ್ಷದಲ್ಲಿ ಎರಡುಪಟ್ಟು ಉದ್ದವಾಗುವುದು ಸಾಮಾನ್ಯ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬಾರದೆನ್ನುತ್ತಾರೆ. ಶಾರ್ಕ್ ವಿಷಯದಲ್ಲಿ ಕುಲಾವಿ ಮೊದಲೇ ಹೊಲಿದಿರಬೇಕು.

ದೊಡ್ಡ ಟ್ಯಾಂಕಿನಲ್ಲಿ ಚಿಕ್ಕ ಮರಿ ಆಹಾರ ಹುಡುಕಲಾಗದೆ ಸೊರಗುತ್ತದೆ ಎನ್ನುವುದು ನಿಜವಾದ ತೊಂದರೆ. ಅದಕ್ಕೆ ಟ್ಯಾಂಕಿನ ಒಂದು ಮೂಲೆಯನ್ನು ರಂಧ್ರಗಳಿರುವ ಅಕ್ರಿಲಿಕ್ ಹಾಳೆಯಿಂದ ಮೂರ್ನಾಲ್ಕು ತಿಂಗಳು ಬೇರ್ಪಡಿಸಿ. ನೀರು, ಫಿಲ್ಟರ್ ಒಂದೇ ಆಗಿರುವುದರಿಂದ ಎರಡೆರಡು ಕಡೆ ನಿಭಾಯಿಸುವ ಕೆಲಸವಿಲ್ಲ.

ಫಿಲ್ಟರ್ ಎಂಥದು ಬೇಕು?

ಕೆಳಗೊಂದು ಸಂಪ್ ಬೇಕೇ ಬೇಕು, ಟ್ಯಾಂಕಿನ ಕಾಲುಭಾಗದಷ್ಟಾದರೂ ದೊಡ್ಡದು. ನೊರೆಯೆಬ್ಬಿಸಿ ಕೊಳೆ ಹೊರಗೆಳೆಯುವ ಪ್ರೋಟೀನ್ ಸ್ಕಿಮ್ಮರ್ ಕೊಳ್ಳುವಾಗ ನಿಮ್ಮ ಒಟ್ಟು ನೀರಿನ ಎರಡುಪಟ್ಟಿಗೆ ಹೇಳಿದ ಮಾದರಿ ತೆಗೆದುಕೊಳ್ಳಿ. ಗಂಟೆಗೆ ಟ್ಯಾಂಕಿನ ಐದು ಪಟ್ಟು ನೀರು ಸಂಪ್ ಮೂಲಕ ಹಾದುಬಂದರೆ ಸಾಕು, ಉಳಿದ ಹರಿವಿಗೆ ಜಾಲರಿ ಹಾಕಿದ ಪವರ್‌ಹೆಡ್ (ಟ್ಯಾಂಕಿನೊಳಗೆ ನೀರು ದೂಡುವ ಪುಟ್ಟ ಪಂಪ್). ಹೀಟರ್, ಪ್ರೋಬ್, ನೀರನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪಂಪ್ ಎಲ್ಲವೂ ಸಂಪ್‌ನಲ್ಲೇ ಇರಲಿ. ಶಾರ್ಕ್ ಇರುವ ಕಡೆ ಹೀಟರ್ ಇಟ್ಟರೆ ಅದಕ್ಕೆ ಒರಗಿ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ.

ಇಷ್ಟೆಲ್ಲ ಏಕೆ ಎನ್ನುವವರಿಗೆ ಒಂದು ಲೆಕ್ಕ. 100 ಗ್ರಾಂ ಬೊಂಡಾಸ್‌ನಲ್ಲಿ (ಸ್ಕ್ವಿಡ್) ಸುಮಾರು 16 ಗ್ರಾಂ ಪ್ರೋಟೀನ್ ಇರುತ್ತದೆ, ಅದರಲ್ಲಿ ಸುಮಾರು ಎರಡೂವರೆ ಗ್ರಾಂ ಸಾರಜನಕ. ಅಷ್ಟೂ ನೈಟ್ರೇಟ್ ಆದರೆ 11 ಗ್ರಾಂ. ಮರಳು ಬಂಡೆ ಕಳೆದು 1,500 ಲೀಟರ್ ನೀರಿದೆ ಎಂದಿಟ್ಟುಕೊಂಡರೆ ಲೀಟರ್‌ಗೆ 7 ಮಿಲಿಗ್ರಾಂ ಏರಿಕೆ. ಮೀನಿನ ಮೈಗೆ ಹತ್ತುವುದು, ಸ್ಕಿಮ್ಮರ್ ಹೊರಗೆಳೆಯುವುದು ಬಿಟ್ಟರೂ 5 ಉಳಿಯುತ್ತದೆ. ವಾರಕ್ಕೆ 5ರಂತೆ ಏರುವ ಟ್ಯಾಂಕಿನಲ್ಲಿ ಎರಡು ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ನೈಟ್ರೇಟ್ ಏರುತ್ತ ಹೋಗಿ 40ರ ಹತ್ತಿರ ನಿಲ್ಲುತ್ತದೆ. ಅದೇ ಕಾಲುಭಾಗವನ್ನು ಪ್ರತಿ ವಾರ ಬದಲಿಸಿದರೆ 20ಕ್ಕೆ ನಿಲ್ಲುತ್ತದೆ. ಆ 20 ಮತ್ತು 40ರ ನಡುವಿನ ವ್ಯತ್ಯಾಸವೇ ಎಷ್ಟೋ ಶಾರ್ಕ್‌ಗಳ ಗಂಟಲುಬಾವಿನ ಕಥೆ, ಅದು ಮುಂದೆ ಬರುತ್ತದೆ.

ವಾರಕ್ಕೆ 400 ಲೀಟರ್ ಬದಲಿಸಲು ಸುಮಾರು 15 ಕಿಲೋ ಸಮುದ್ರದುಪ್ಪಿನ ಮಿಶ್ರಣ ಬೇಕು. ಇಷ್ಟನ್ನು ಬಕೆಟ್‌ನಲ್ಲಿ ಕಲಸಿ ಹೊರುತ್ತೇನೆಂದರೆ ಎರಡನೇ ತಿಂಗಳಿಗೆ ಸೊಂಟ ಕೈಕೊಡುತ್ತದೆ. 500 ಲೀಟರ್‌ನ ಡ್ರಮ್, ಒಂದು ಪಂಪ್, ಟ್ಯಾಂಕ್‌ವರೆಗೆ ಪೈಪ್, ಇವನ್ನು ಮೊದಲ ದಿನವೇ ಜೋಡಿಸಿ. ಉಪ್ಪು ಕಲಸಿದ ನೀರನ್ನು ಒಂದು ದಿನ ತಿರುಗಿಸಿ, ಉಷ್ಣತೆ ಸರಿಹೊಂದಿದ ಮೇಲೆ ಬಿಡಿ.

ಹೊಸ ಟ್ಯಾಂಕಿಗೆ ಶಾರ್ಕ್ ಯಾವಾಗ ಬಿಡಬಹುದು?

ಆರರಿಂದ ಎಂಟು ವಾರ ಸೈಕಲ್ ಆಗಲಿ, ಅಂದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲಿ. ಮೀನಿಲ್ಲದ ಟ್ಯಾಂಕಿಗೆ ಅಮೋನಿಯಂ ಕ್ಲೋರೈಡ್ ಹಾಕಿ, ಲೀಟರ್‌ಗೆ 2 ಮಿ.ಗ್ರಾಂ. ಅಮೋನಿಯಾ ತಂದುಕೊಂಡು ಕಾಯಿರಿ. ಹಾಗೆ ಹಾಕಿದ್ದು 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಬ್ಯಾಕ್ಟೀರಿಯಾ ಸಿದ್ಧ. ಇನ್ನೂ ಒಂದು ವಾರ ದಿನವೂ ಹಾಕಿ ನೋಡಿ. ಒಂದು ದಿನ ಸೊನ್ನೆ ಬಂದಾಕ್ಷಣ ಮೀನು ತಂದವರೇ ಆಮೇಲೆ ಟೆಸ್ಟ್ ಕಿಟ್ ಹಿಡಿದು ಅರ್ಧರಾತ್ರಿ ಕೂತಿರುತ್ತಾರೆ.

ನೀರು ಯಾವ ಅಳತೆಯಲ್ಲಿರಬೇಕು?

ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ 1.024ರಿಂದ 1.026, ಪಿಎಚ್ 8.0ರಿಂದ 8.4, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 20ರ ಒಳಗೆ. ಉಷ್ಣತೆ 28 ದಾಟಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಮೀನಿಗೆ ಹೆಚ್ಚು ಬೇಕಾಗುತ್ತದೆ. ಬೇಸಿಗೆಯಲ್ಲಿ ಸಂಪ್ ಮೇಲೆ ಫ್ಯಾನ್ ಸಾಲದಿದ್ದರೆ ಚಿಲ್ಲರ್.

ಹೆಚ್ಚಿನವರು ಮರೆಯುವುದು ಕ್ಷಾರತೆಯನ್ನು. ಇಷ್ಟು ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾಗಳು ದಿನವೂ ಕ್ಷಾರತೆಯನ್ನು ತಿನ್ನುತ್ತವೆ, ಪಿಎಚ್ ಸದ್ದಿಲ್ಲದೆ 7.6ಕ್ಕೆ ಇಳಿದಿರುತ್ತದೆ. 8ರಿಂದ 10 ಡಿಕೆಎಚ್ (ಕ್ಷಾರತೆಯ ಅಳತೆ) ಕಾಯ್ದುಕೊಳ್ಳಿ. 1,000 ಲೀಟರ್‌ಗೆ 30 ಗ್ರಾಂ ಅಡುಗೆ ಸೋಡಾ ಹಾಕಿದರೆ 1 ಡಿಕೆಎಚ್ ಏರುತ್ತದೆ. ಬೇರೆ ನೀರಿನಲ್ಲಿ ಕರಗಿಸಿ ಸಂಪ್‌ಗೆ ಸುರಿಯಿರಿ, ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ.

ಆವಿಯಾದ ನೀರಿನ ಬದಲಿಗೆ ಹಾಕುವುದು ಆರ್‌ಓ ನೀರು, ಉಪ್ಪುನೀರಲ್ಲ. ಅದನ್ನು ತಾನಾಗಿಯೇ ತುಂಬುವ ಆಟೋ ಟಾಪ್‌ಆಫ್ ಇದ್ದರೆ ಸಾಂದ್ರತೆ ಏರಿಳಿಯುವುದಿಲ್ಲ.

ತಳಕ್ಕೆ ಏನು ಹಾಸಬೇಕು? ಬಂಡೆ ಜೋಡಿಸುವುದು ಹೇಗೆ?

ಸಕ್ಕರೆ ಹರಳಿನಷ್ಟು ನುಣುಪಾದ ಅರಗೊನೈಟ್ ಮರಳು, 3ರಿಂದ 5 ಸೆಂ.ಮೀ. ದಪ್ಪ. ಹವಳದ ಚೂರು, ಜಲ್ಲಿ ಬೇಡ. ಶಾರ್ಕ್‌ನ ಹೊಟ್ಟೆಯ ಕಡೆ ಮುಟ್ಟಿ ನೋಡಿದರೆ ಬೆನ್ನಿಗಿಂತ ಎಷ್ಟು ಮೃದು ಎಂದು ತಿಳಿಯುತ್ತದೆ. ಜಲ್ಲಿ ಮೇಲೆ ಎರಡು ವಾರ ಮಲಗಿದರೆ ಅಲ್ಲೆಲ್ಲ ಕೆಂಪು ಗೀರು.

ಬಂಡೆಯನ್ನು ಎಂದೂ ಮರಳಿನ ಮೇಲೆ ಇಡಬಾರದು. ಮೊದಲು ಬಂಡೆ, ತಳದ ಗಾಜಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ನೇರವಾಗಿ. ಆಮೇಲೆ ಸುತ್ತ ಮರಳು. ಈ ಮೀನುಗಳು ಮೂತಿಯಿಂದ ಅಗೆಯುತ್ತವೆ, ಅಡಿಯ ಮರಳು ಸರಿದರೆ ಬಂಡೆ ಬೆನ್ನ ಮೇಲೇ ಕುಸಿಯುತ್ತದೆ. ಒಂದರ ಮೇಲೊಂದು ಪೇರಿಸುವುದಾದರೆ ಎಪಾಕ್ಸಿ ಪುಟ್ಟಿ, ಅಕ್ರಿಲಿಕ್ ಸರಳು ಬಳಸಿ ಬಿಗಿಯಿರಿ. ಬೆಳೆದ ಶಾರ್ಕ್ ಪೂರ್ತಿ ಒಳಗೆ ಹೋಗಿ, ತಿರುಗಿ, ತಲೆಮುಂದಾಗಿ ಹೊರಬರುವಷ್ಟು ದೊಡ್ಡ ಗುಹೆ ಒಂದಾದರೂ ಇರಲಿ. ಇಕ್ಕಟ್ಟಿನ ಸಂದಿಗಳನ್ನು ಮುಚ್ಚಿಬಿಡಿ. ನುಗ್ಗಿದ ಮೀನು ಹಿಂದಕ್ಕೆ ಬರಲಾಗದೆ ಸಿಕ್ಕಿಕೊಳ್ಳುತ್ತದೆ. ತಳದ ಅರ್ಧಕ್ಕಿಂತ ಹೆಚ್ಚು ಜಾಗ ಬಯಲಾಗಿಯೇ ಉಳಿಯಬೇಕು.

ನೀರಿನಲ್ಲಿ ಸಣ್ಣ ಕರೆಂಟ್ ಸೋರಿದರೆ ಶಾರ್ಕಿಗೆ ಗೊತ್ತಾಗುತ್ತದೆಯೇ?

ನಿಮಗಿಂತ ಎಷ್ಟೋ ಮೊದಲು. ಮೂತಿಯ ಸುತ್ತ ಸೂಜಿಮೊನೆಯಂಥ ರಂಧ್ರಗಳು ಕಾಣುತ್ತವಲ್ಲ, ಅವು ಲೊರೆಂಜಿನಿ ಕುಪ್ಪಿಗಳು. ಮರಳಡಿ ಅಡಗಿದ ಏಡಿಯ ಸ್ನಾಯುವಿನ ವಿದ್ಯುತ್ತನ್ನೂ ಹಿಡಿಯುವ ಅಂಗ. ಸವೆದ ಪಂಪ್, ಬಿರುಕುಬಿಟ್ಟ ಹೀಟರ್ ಒಂದಿದ್ದರೆ ಅದು ಆ ಮೀನಿಗೆ ಹಗಲು ರಾತ್ರಿ ನಿಲ್ಲದ ಗದ್ದಲ. ಒಂದೇ ಮೂಲೆಯನ್ನು ತಪ್ಪಿಸಿ ಓಡಾಡುವುದು, ಕಾರಣವಿಲ್ಲದೆ ಬೆಚ್ಚುವುದು, ಆಹಾರ ಮೂಸಿ ಹಿಂದೆ ಸರಿಯುವುದು ಕಂಡರೆ ಒಂದೊಂದೇ ಉಪಕರಣ ಆರಿಸಿ, ಯಾವುದು ಆರಿದಾಗ ಮೀನು ಸಮಾಧಾನವಾಯಿತೆಂದು ನೋಡಿ. ಕೆಟ್ಟ ಉಪಕರಣವನ್ನು ಎಸೆಯುವುದೇ ಪರಿಹಾರ. ಟೈಟಾನಿಯಂ ಅರ್ಥಿಂಗ್ ಪ್ರೋಬ್ ಮತ್ತು ಕರೆಂಟ್ ಸೋರಿದರೆ ತಾನೇ ಆರಿಹೋಗುವ ಆರ್‌ಸಿಸಿಬಿ ಸ್ವಿಚ್ ಹಾಕಿಸುವುದು ಮುಖ್ಯವಾಗಿ ನಿಮ್ಮ ಜೀವಕ್ಕಾಗಿ.

ಆಹಾರ ಕೊಡುವ ಇಕ್ಕಳವೂ ಲೋಹದ್ದು ಬೇಡ. ಉಪ್ಪುನೀರಿನಲ್ಲಿ ಲೋಹ ಅದ್ದಿದರೆ ಅದರ ಸುತ್ತ ಪುಟ್ಟ ವಿದ್ಯುತ್ ಕ್ಷೇತ್ರ ಏಳುತ್ತದೆ. ಹಸಿದ ಶಾರ್ಕ್ ಬೊಂಡಾಸ್ ವಾಸನೆ ಹಿಡಿದು ನೇರ ಬಂದು, ಇಕ್ಕಳದ ಹತ್ತಿರ ತಟ್ಟನೆ ಮೂತಿ ತಿರುಗಿಸುವುದು ಇದಕ್ಕೇ. ಮೀನು ಆಹಾರ ಬಿಟ್ಟಿದೆ ಎಂದು ಗಾಬರಿಯಾಗುವ ಮುನ್ನ ಒಮ್ಮೆ ಪ್ಲಾಸ್ಟಿಕ್ ಇಕ್ಕಳದಲ್ಲಿ ಕೊಟ್ಟು ನೋಡಿ.

ಮುಚ್ಚಳ ಬೇಕೇ?

ಬೇಕು, ಭಾರ ಇಟ್ಟು ಅಥವಾ ಕ್ಲಿಪ್ ಹಾಕಿ. ಪೈಪ್ ಹಾದುಹೋಗುವ ಕಿಂಡಿಯೂ ಮುಚ್ಚಿರಲಿ. ಇವು ಮೂಲೆಯಲ್ಲಿ ಗಾಜು ಹಿಡಿದು ನೇರ ಮೇಲೇರಿ, ತಲೆಯಿಂದ ಎತ್ತಿ ನೋಡುತ್ತವೆ. ನೀರು ಸಂಪ್‌ಗೆ ಇಳಿಯುವ ಓವರ್‌ಫ್ಲೋ ಬಾಯಿಗೆ ಗಟ್ಟಿ ಜಾಲರಿ ಇಲ್ಲದಿದ್ದರೆ ಮರಿ ಒಂದು ಬೆಳಿಗ್ಗೆ ಸಂಪ್‌ನಲ್ಲಿ ಸಿಗುತ್ತದೆ, ಸಿಕ್ಕಿದರೆ.

ಏನು ತಿನ್ನಿಸಬೇಕು, ಎಷ್ಟು?

ಬೊಂಡಾಸ್, ಸೀಗಡಿ, ಕಪ್ಪೆಚಿಪ್ಪಿನ ಮಾಂಸ, ಏಡಿ, ಸಮುದ್ರದ ಮೀನಿನ ತುಂಡು, ಇವನ್ನು ಸರದಿಯಂತೆ. ಉಪ್ಪು ಮಸಾಲೆ ಮುಟ್ಟದ, ತಾಜಾ ಇರುವಾಗಲೇ ಹಿಮಗಟ್ಟಿಸಿದ್ದು. ಗೋಲ್ಡ್‌ಫಿಶ್, ಕೋಳಿ, ದನದ ಮಾಂಸ ಬೇಡ. ಅವುಗಳ ಕೊಬ್ಬು ಈ ಮೀನಿನ ಪಿತ್ತಜನಕಾಂಗಕ್ಕೆ ಹೊಂದುವುದಿಲ್ಲ. ಫ್ರಿಜ್‌ನ ಕೆಳಗಿನ ಅರೆಯಲ್ಲಿ ಕರಗಿಸಿ, ತೊಳೆದು, ಬೊಂಡಾಸ್ ಒಳಗಿನ ಪಾರದರ್ಶಕ ಕಡ್ಡಿ ಎಳೆದುಹಾಕಿ. ತುಂಡಿನ ಅಗಲ ಶಾರ್ಕ್‌ನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹೆಚ್ಚಿರದಿರಲಿ.

ಬೆಳೆದದ್ದಕ್ಕೆ ವಾರಕ್ಕೆ ಮೈತೂಕದ ಸುಮಾರು 5 ಪ್ರತಿಶತ, ಮೂರು ಸಲ ಹಂಚಿ. 1.2 ಕಿಲೋ ತೂಗುವ ಎಪೊಲೆಟ್‌ಗೆ ವಾರಕ್ಕೆ 60 ಗ್ರಾಂ, ಅಂದರೆ ಸಲಕ್ಕೆ 20 ಗ್ರಾಂ. ಇಷ್ಟೇನಾ ಎನಿಸುತ್ತದೆ, ಅಷ್ಟೇ. ಮರಿಗಳಿಗೆ 10 ಪ್ರತಿಶತದವರೆಗೆ, ದಿನ ಬಿಟ್ಟು ದಿನ. ತೂಕ ನೋಡಲು ಟ್ಯಾಂಕಿನದೇ ನೀರು ತುಂಬಿದ ಟಬ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಮೀನನ್ನು ಅದರೊಳಗೆ ಬಿಡಿ. ತಿಂಗಳಿಗೊಮ್ಮೆ ಸಾಕು.

ಕೊಡುವ ಹೊತ್ತು ಸಂಜೆ, ದೀಪ ಮಂದ ಮಾಡಿದ ಮೇಲೆ. ಮೂತಿಗೆ ತಾಗುವಂತೆ ತುಂಡನ್ನು ತಳದಲ್ಲಿ ಹಿಡಿಯಿರಿ. ಕಣ್ಣಿಗಿಂತ ವಾಸನೆ, ಸ್ಪರ್ಶಗಳನ್ನೇ ನಂಬುವ ಮೀನಿದು. ಹದಿನೈದು ನಿಮಿಷದಲ್ಲಿ ತಿನ್ನದ್ದನ್ನು ತೆಗೆದುಬಿಡಿ.

ವಿಟಮಿನ್ ತಪ್ಪಿಸುವಂತಿಲ್ಲ. ಹಿಮಗಟ್ಟಿಸಿದಾಗ ಜೀವಸತ್ವ ನಷ್ಟವಾಗುತ್ತದೆ. ಮೇಲಾಗಿ ಭೂತಾಯಿ ಬಳಗದ ಮೀನು, ಕಪ್ಪೆಚಿಪ್ಪುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದ್ದು ಬಿ1 ಅನ್ನು ಒಡೆದುಹಾಕುತ್ತದೆ. ಶಾರ್ಕ್‌ಗಳಿಗೆಂದೇ ಬರುವ, ಅಯೋಡಿನ್ ಇರುವ ಮಾತ್ರೆಯ ತುಣುಕನ್ನು ವಾರಕ್ಕೆರಡು ಸಲ ಬೊಂಡಾಸ್ ತೊಗಲೊಳಗೆ ಸೇರಿಸಿ. ನೀರಿಗೆ ಹನಿ ಹಾಕುವ ವಿಟಮಿನ್‌ನಿಂದ ಶಾರ್ಕಿಗೆ ಸೇರುವುದು ಅತ್ಯಲ್ಪ, ಪಾಚಿಗೆ ಸೇರುವುದೇ ಹೆಚ್ಚು.

ತಂದು ಒಂದು ವಾರವಾಯಿತು, ಏನೂ ತಿನ್ನುತ್ತಿಲ್ಲ. ಸಾಯುತ್ತದೆಯೇ?

ಬೆಳೆದ ಮೀನಾದರೆ ಒಂದು ವಾರ ಏನೂ ಅಲ್ಲ. ಜಾಗ ಬದಲಾದ ಶಾರ್ಕ್ ಎರಡು ವಾರ ಉಪವಾಸವಿರುವುದು ಅಪರೂಪವಲ್ಲ. ಮೊಟ್ಟೆಯೊಡೆದು ಈಗಷ್ಟೇ ಬಂದ ಮರಿ ಹೊಟ್ಟೆಯೊಳಗೆ ಉಳಿದ ಭಂಡಾರದ ಮೇಲೆ ಒಂದೆರಡು ವಾರ ಬದುಕುತ್ತದೆ. ಮೊದಲು ಅಮೋನಿಯಾ ನೋಡಿ, ದೀಪ ತಗ್ಗಿಸಿ, ಕಾಡುವ ಜೊತೆಮೀನು ಇದ್ದರೆ ಬೇರೆ ಮಾಡಿ. ಆಮೇಲೆ ರಾತ್ರಿ ತಾಜಾ ಕಪ್ಪೆಚಿಪ್ಪು ಅರ್ಧ ತೆರೆದು ಗುಹೆಯ ಬಾಯಲ್ಲಿಡಿ, ಅದರ ರಸಕ್ಕೆ ಬಾರದ ಶಾರ್ಕ್ ಕಡಿಮೆ. ಬೆನ್ನಿನ ಎರಡು ಬದಿ ಗುಳಿ ಬೀಳತೊಡಗಿದರೆ, ತಲೆ ಮೈಗಿಂತ ಅಗಲವಾಗಿ ಕಂಡರೆ, ಇನ್ನು ಕಾಯುವ ಹೊತ್ತಲ್ಲ. ಮೀನು ನೋಡಬಲ್ಲ ಪಶುವೈದ್ಯರು ಟ್ಯೂಬ್ ಮೂಲಕ ಉಣಿಸಬೇಕಾಗುತ್ತದೆ.

ಕೆಳದವಡೆಯ ಅಡಿ ಊದಿಕೊಂಡಿದೆ. ಇದೇನು?

ಹೆಚ್ಚಿನಂಶ ಗಳಗಂಡ. ಥೈರಾಯ್ಡ್ ಗ್ರಂಥಿ ಅಯೋಡಿನ್ ಸಾಲದೆ ದಪ್ಪವಾಗುತ್ತದೆ. ಆಹಾರದಲ್ಲಿ ಅಯೋಡಿನ್ ಕೊರತೆ ಒಂದು ಕಾರಣ. ಅಯೋಡಿನ್ ಕೊಟ್ಟರೂ ನೀರಲ್ಲಿ ನೈಟ್ರೇಟ್ ಜಾಸ್ತಿಯಿದ್ದರೆ ಗ್ರಂಥಿ ಅದನ್ನು ಹೀರಿಕೊಳ್ಳಲು ತೊಡಕಾಗುತ್ತದೆ, ಅದು ಇನ್ನೊಂದು. ಮೂರನೆಯದು ನೀರು ಶುದ್ಧಿಗೆ ಬಿಡುವ ಓಜೋನ್: ನೀರಿನ ಅಯೋಡೈಡನ್ನು ಮೀನಿಗೆ ಸುಲಭವಾಗಿ ದಕ್ಕದ ಅಯೋಡೇಟ್ ಆಗಿ ಮಾಡುತ್ತದೆ. ಹಾಗಾಗಿ ಮೂರೂ ಕಡೆ ಕೈಹಾಕಬೇಕು: ಅಯೋಡಿನ್ ಇರುವ ಮಾತ್ರೆ, ನೈಟ್ರೇಟ್ ಇಳಿಸಲು ಹೆಚ್ಚು ನೀರು ಬದಲಾವಣೆ, ಓಜೋನ್ ಇದ್ದರೆ ನಿಲ್ಲಿಸುವುದು. ಗಂಟು ದೊಡ್ಡದಾಗಿ ನುಂಗಲು ಅಡ್ಡಬಂದರೆ ವೈದ್ಯರೇ ಬೇಕು. ಮೀನು ಗಾಜಿಗೆ ಒತ್ತಿ ಮೇಲೇರಿದಾಗ ಗಂಟಲಿನ ಫೋಟೊ ತಿಂಗಳಿಗೊಂದು ತೆಗೆದಿಡಿ. ದಿನವೂ ನೋಡುವ ಕಣ್ಣಿಗೆ ಈ ಊತ ತಿಳಿಯುವುದೇ ಇಲ್ಲ, ಫೋಟೊಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಬೇರೆ ಮೀನಿಗೆ ಕೊಡುವ ಔಷಧಿ ಶಾರ್ಕಿಗೂ ಕೊಡಬಹುದೇ?

ತಾಮ್ರ ಇರುವ ಯಾವುದನ್ನೂ ಕೊಡಬೇಡಿ, ಶಾರ್ಕ್‌ಗಳು ಅದಕ್ಕೆ ತೀರಾ ಸೂಕ್ಷ್ಮ. ಹಿಂದೆ ತಾಮ್ರ ಹಾಕಿದ್ದ ಟ್ಯಾಂಕಿನ ಬಂಡೆ, ಮರಳೂ ಬೇಡ, ಅವು ಹೀರಿದ್ದನ್ನು ಮೆಲ್ಲಗೆ ಬಿಡುತ್ತಿರುತ್ತವೆ. ಬಿಳಿಚುಕ್ಕೆ ರೋಗಕ್ಕೆ ಉಪ್ಪಿನಂಶ ಇಳಿಸುವ ಚಿಕಿತ್ಸೆಯೂ ಇಲ್ಲಿ ಸಲ್ಲದು. ಶಾರ್ಕ್ ತನ್ನ ರಕ್ತದಲ್ಲಿ ಯೂರಿಯಾ ತುಂಬಿಕೊಂಡು ಸಮುದ್ರದ ನೀರಿಗೆ ಸರಿತೂಗುತ್ತದೆ. ಹೊರಗಿನ ನೀರು ಒಮ್ಮೆಲೇ ತೆಳುವಾದರೆ ಒಳಕ್ಕೆ ನೀರು ನುಗ್ಗುತ್ತದೆ. ಜೊತೆಗೆ ಬಿಡುವ ಮೀನುಗಳಿಗೆ ಇಂಥ ಚಿಕಿತ್ಸೆಯೆಲ್ಲ ಬೇರೆ ಕ್ವಾರಂಟೈನ್ ಟ್ಯಾಂಕಿನಲ್ಲಿ ಮುಗಿದಿರಬೇಕು.

ಚರ್ಮ, ಕಿವಿರಿನ ಚಪ್ಪಟೆಹುಳುಗಳಿಗೆ ಪ್ರಾಜಿಕ್ವಾಂಟೆಲ್ ಬಳಸುತ್ತಾರೆ. ಪ್ರಮಾಣ ವೈದ್ಯರು ಹೇಳಲಿ. ಹಾಕುವಾಗ ಸ್ಕಿಮ್ಮರ್ ಆರಿಸಿ, ಇಲ್ಲದಿದ್ದರೆ ನೊರೆ ಉಕ್ಕಿ ನೆಲವೆಲ್ಲ ನೀರು. ಬದಲಿಗೆ ಗಾಳಿ ಪಂಪ್ ಜೋರಾಗಿ ಬಿಡಿ.

ಯಾವ ಮೀನುಗಳನ್ನು ಜೊತೆಗಿಡಬಹುದು?

ಟ್ರಿಗರ್, ಪಫರ್ ಬೇಡ. ಮಲಗಿದ ಶಾರ್ಕ್‌ನ ರೆಕ್ಕೆಯಂಚು, ಕಣ್ಣು ಅವಕ್ಕೆ ಮೆಲ್ಲುವ ತಿಂಡಿ. ದೊಡ್ಡ ಏಂಜೆಲ್‌ಗಳೂ ಕುಟುಕಬಹುದು. ಸಮುದ್ರಹೂವು (ಸೀ ಅನೆಮೊನಿ) ಚುಚ್ಚುತ್ತದೆ, ಲಯನ್‌ಫಿಶ್ ಮುಳ್ಳು ಇನ್ನೂ ಕೆಟ್ಟದ್ದು. ಸೀಗಡಿ, ಏಡಿ, ಬಾಯಿಗೆ ಹಿಡಿಯುವ ಯಾವುದೇ ಮೀನು ಒಂದು ರಾತ್ರಿ ಮಾಯ. ಮೇಲ್ನೀರಿನಲ್ಲಿ ಈಜುವ, ಅಂಗೈಗಿಂತ ದೊಡ್ಡ ಟ್ಯಾಂಗ್‌ಗಳು, ಸ್ಕ್ವಿರಲ್ ಫಿಶ್ ಹೊಂದುತ್ತವೆ. ಏನೂ ಇಲ್ಲದಿದ್ದರೂ ಶಾರ್ಕಿಗೆ ಬೇಸರವಾಗುವುದಿಲ್ಲ.

ಎರಡು ಶಾರ್ಕ್ ಇಡುವುದಾದರೆ ತಳದ ಜಾಗ ಅರ್ಧದಷ್ಟು ಹೆಚ್ಚಿಸಿ. ಗಂಡು ಕೂಡುವಾಗ ಹೆಣ್ಣಿನ ಎದೆರೆಕ್ಕೆ ಕಚ್ಚಿ ಹಿಡಿಯುತ್ತದೆ. ಒಂದೇ ಹೆಣ್ಣಿದ್ದರೆ ರೆಕ್ಕೆ ಹರಿದು ಆರುವುದೇ ಇಲ್ಲ. ಹೊಟ್ಟೆಯ ರೆಕ್ಕೆಗಳ ನಡುವೆ ಎರಡು ಕಡ್ಡಿಯಂಥ ಅಂಗ ಇದ್ದರೆ ಗಂಡು, ಮರಿಯಲ್ಲೇ ಗುರುತಿಸಬಹುದು.

ಮೊಟ್ಟೆ ತಂದು ಮರಿ ಮಾಡಿಸುವುದು ಒಳ್ಳೆಯದೇ?

ಒಳ್ಳೆಯದು. ಟ್ಯಾಂಕಿನಲ್ಲೇ ಹುಟ್ಟಿದ ಮರಿ ಸಮುದ್ರದಿಂದ ಹಿಡಿದು ತಂದದ್ದಕ್ಕಿಂತ ಬೇಗ ಒಗ್ಗುತ್ತದೆ, ಹುಳುವಿನ ಕಾಟವೂ ಕಡಿಮೆ. ಬ್ಯಾಂಬೂ, ಎಪೊಲೆಟ್ ಮೊಟ್ಟೆಕೋಶಗಳು ಕಂದು ಚರ್ಮದ ಪುಟ್ಟ ಚೀಲದಂತಿರುತ್ತವೆ. ಉಷ್ಣತೆ ನೋಡಿಕೊಂಡು ಮೂರರಿಂದ ಐದು ತಿಂಗಳು. ಹರಿವು ಮೆಲ್ಲಗಿರುವ ಜಾಲರಿ ಪೆಟ್ಟಿಗೆಯಲ್ಲಿಟ್ಟು, ವಾರಕ್ಕೊಮ್ಮೆ ನೀರೊಳಗೇ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಹಳದಿ ಉಂಡೆ, ಅದಕ್ಕೆ ದಾರದಲ್ಲಿ ಕಟ್ಟಿದಂತೆ ತೂಗುವ ಎಳೆ ಮರಿ, ಬಾಲ ಅತ್ತಿತ್ತ ಹೊಡೆಯುತ್ತಲೇ ಇರುತ್ತದೆ. ವಾರ ಕಳೆದಂತೆ ಉಂಡೆ ಸಣ್ಣದಾಗಿ ಮರಿ ದೊಡ್ಡದಾಗುತ್ತದೆ. ಎಂಟು ವಾರಕ್ಕೂ ಏನೂ ಅಲುಗದೆ ಉಂಡೆ ಕದಡಿದ್ದರೆ ಅದು ಹುಸಿ, ತೆಗೆದುಬಿಡಿ, ಕೊಳೆತರೆ ನೀರು ಕೆಡಿಸುತ್ತದೆ. ತಡವಾಯಿತೆಂದು ಕೋಶ ಸೀಳಬೇಡಿ. ಹಳದಿ ಹೊರಗಿರುವಾಗಲೇ ಬಂದ ಮರಿ ಉಳಿಯುವುದು ಕಷ್ಟ.

ಗಂಡಿಲ್ಲದ ಟ್ಯಾಂಕಿನಲ್ಲಿ ಹೆಣ್ಣು ಮೊಟ್ಟೆ ಇಟ್ಟರೆ ಎಸೆಯುವ ಮುನ್ನ ಟಾರ್ಚ್ ಹಿಡಿದು ನೋಡಿ. 2002ರಲ್ಲಿ ಡೆಟ್ರಾಯಿಟ್‌ನ ಬೆಲ್ ಐಲ್ ಅಕ್ವೇರಿಯಂನಲ್ಲಿ ಗಂಡಿನ ಸಂಪರ್ಕವೇ ಇಲ್ಲದ ಬಿಳಿಚುಕ್ಕೆಯ ಬ್ಯಾಂಬೂ ಮೊಟ್ಟೆಗಳಿಂದ ಮರಿಗಳು ಹೊರಬಂದಿದ್ದವು. ಕ್ಯಾಲಿಫೋರ್ನಿಯಾದ ಸ್ಟೈನ್‌ಹಾರ್ಟ್ ಅಕ್ವೇರಿಯಂನಲ್ಲಿ ಕಂದುಪಟ್ಟೆಯ ಬ್ಯಾಂಬೂ ಒಂದು 45 ತಿಂಗಳು ವೀರ್ಯ ಕೂಡಿಟ್ಟುಕೊಂಡು ಆಮೇಲೆ ಫಲಿತ ಮೊಟ್ಟೆ ಇಟ್ಟಿತ್ತು.

ಮೊಟ್ಟೆ ಸುಲಭವಾಗಿ ಬರುತ್ತದೆಂದು ಎಲ್ಲವನ್ನೂ ಮರಿ ಮಾಡಿಸಬೇಡಿ. ಪ್ರತಿ ಮರಿಗೂ ಎರಡು ಟನ್‌ನ ಟ್ಯಾಂಕ್ ಇರುವ ಮನೆ ಹುಡುಕಬೇಕಾಗುತ್ತದೆ.

ತರುವಾಗ, ಎತ್ತುವಾಗ ಏನು ಎಚ್ಚರ?

ಅಂಗಡಿಯಲ್ಲಿ ನಿಮ್ಮೆದುರೇ ತಿನ್ನುವುದನ್ನು ನೋಡದೆ ಕೊಳ್ಳಬೇಡಿ. ಹೊಟ್ಟೆ ಕೆಂಪಗಿರಬಾರದು, ಉಸಿರು ಏದುಸಿರಾಗಬಾರದು. ಹತ್ತಿರದ ದಾರಿಯಾದರೆ ಮನೆಯಲ್ಲಿ ಮಂದ ಬೆಳಕಿನಲ್ಲಿ ಒಂದೂವರೆ ಗಂಟೆ ಹನಿಹನಿಯಾಗಿ ಟ್ಯಾಂಕಿನ ನೀರು ಸೇರಿಸಿ. ದಿನಗಟ್ಟಲೆ ಚೀಲದಲ್ಲಿದ್ದು ಬಂದ ಮೀನಿಗೆ ಮಾತ್ರ ಈ ಕ್ರಮ ಅಪಾಯ. ಚೀಲದಲ್ಲಿ ಪಿಎಚ್ ಇಳಿದಿರುವುದರಿಂದ ಅಮೋನಿಯಾ ವಿಷವಾಗದೆ ಸುಮ್ಮನಿರುತ್ತದೆ. ತೆರೆದು ಹೊಸ ನೀರು ಬೆರೆಸುತ್ತ ಹೋದರೆ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ಉಪ್ಪಿನಂಶವನ್ನು ಮೊದಲೇ ಕೇಳಿ ಹೊಂದಿಸಿಟ್ಟ ನೀರಿಗೆ, ಉಷ್ಣತೆ ಸರಿಯಾದ ಕೂಡಲೇ ಬಿಡಿ. ಚೀಲದ ನೀರು ಟ್ಯಾಂಕಿಗೆ ಬೇಡ.

ಬಲೆ ಬಳಸಬೇಡಿ. ಚರ್ಮದ ಮೇಲಿನ ಹಲ್ಲಿನಂಥ ಶಲ್ಕಗಳು ನೂಲಿಗೆ ಸಿಕ್ಕಿಕೊಳ್ಳುತ್ತವೆ. ನೀರಿನೊಳಗೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಅಟ್ಟಿ ನೀರಿನ ಸಮೇತ ಎತ್ತಿ. ಬಾಲ ಹಿಡಿದು ತೂಗಿಸಿದರೆ ಬೆನ್ನೆಲುಬಿನ ಕೀಲು ಜಾರುತ್ತದೆ, ಒಳಾಂಗಗಳಿಗೂ ಪೆಟ್ಟು.

ಮನುಷ್ಯರನ್ನು ಕಚ್ಚುತ್ತದೆಯೇ?

ಬೇಕೆಂದು ಕಚ್ಚುವುದಿಲ್ಲ. ಕೈಗೆ ಸೀಗಡಿ ವಾಸನೆ ಇದ್ದರೆ ಹಿಡಿಯಬಹುದು. ಕಚ್ಚಿದಾಗ ಎಳೆದುಕೊಳ್ಳಬೇಡಿ, ಅದೇ ಬಿಡುತ್ತದೆ. ಸೋಪಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ.

ಸಾಕಲಾಗದ ಸ್ಥಿತಿ ಬಂದರೆ?

ಸಮುದ್ರಕ್ಕೆ ಬಿಡಬೇಡಿ, ಅದು ಆ ಜಾತಿಯ ಮೂಲ ಸಮುದ್ರವೇ ಆಗಿದ್ದರೂ. ಟ್ಯಾಂಕಿನ ರೋಗಾಣು ಅಲ್ಲಿಗೂ ಹೋಗುತ್ತದೆ. ಸಾರ್ವಜನಿಕ ಅಕ್ವೇರಿಯಂಗಳು ತೆಗೆದುಕೊಳ್ಳುತ್ತವೆ ಎಂಬ ನಂಬಿಕೆಯ ಮೇಲೆ ಮೀನು ಕೊಳ್ಳುವವರಿದ್ದಾರೆ. ಬೇಡದ ನರ್ಸ್ ಶಾರ್ಕ್, ಬ್ಯಾಂಬೂಗಳ ಕರೆಗಳು ಅವರಿಗೆ ಸಾಕಷ್ಟು ಬರುತ್ತವೆ, ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಕೊಳ್ಳುವಾಗಲೇ ಮಾರುವವರಿಂದ ಹಿಂದಕ್ಕೆ ತೆಗೆದುಕೊಳ್ಳುವ ಮಾತನ್ನು ಬರಹದಲ್ಲಿ ಪಡೆಯಿರಿ.

ಕರೆಂಟ್ ಹೋದರೆ? ಒಂದು ವಾರ ಊರಿಗೆ ಹೋದರೆ?

ಕರೆಂಟ್ ಹೋದಾಗ ಮೊದಲು ಕೊಲ್ಲುವುದು ಚಳಿಯಲ್ಲ, ಆಮ್ಲಜನಕದ ಕೊರತೆ. ಬ್ಯಾಟರಿ ಏರ್‌ಪಂಪ್ ಎರಡು ಇರಲಿ, ಒಂದು ಟ್ಯಾಂಕಿಗೆ, ಇನ್ನೊಂದು ಸಂಪ್‌ನ ಫಿಲ್ಟರ್ ಮಾಧ್ಯಮಕ್ಕೆ. ದಿನವಿಡೀ ಹೋಗುವ ಸಂಭವವಿದ್ದರೆ ರಿಟರ್ನ್ ಪಂಪ್‌ಗೆ ಇನ್‌ವರ್ಟರ್. ಆ ದಿನಗಳಲ್ಲಿ ಆಹಾರ ಹಾಕಬೇಡಿ. ಪಂಪ್ ನಿಂತಾಗ ಟ್ಯಾಂಕಿನಿಂದ ಸಂಪ್‌ಗೆ ಎಷ್ಟು ನೀರು ಇಳಿಯುತ್ತದೆ ಎಂಬುದನ್ನು ಮೀನು ಬರುವ ಮುಂಚೆಯೇ ಸ್ವಿಚ್ ಆರಿಸಿ ನೋಡಿರಬೇಕು. ಸಂಪ್ ಉಕ್ಕಿ ಮನೆಯೆಲ್ಲ ಉಪ್ಪುನೀರಾಗುವುದು ರಾತ್ರಿ ಎರಡು ಗಂಟೆಗೇ.

ಊರಿಗೆ ಹೋಗುವಾಗ ಬೆಳೆದ ಶಾರ್ಕ್ ಒಂದು ವಾರ ಉಪವಾಸವಿದ್ದರೆ ಏನೂ ಆಗುವುದಿಲ್ಲ. ನೋಡಿಕೊಳ್ಳುವವರಿಗೆ ಆಹಾರದ ಡಬ್ಬಿಯನ್ನೇ ಕೊಡಬೇಡಿ. ಪಾಪ ಹಸಿದಿದೆ ಎಂದು ಅವರು ಹಾಕಿದ ಅರ್ಧ ಕಿಲೋ ಸೀಗಡಿಯಿಂದ ನೀರು ಕೆಡುವುದು ಉಪವಾಸಕ್ಕಿಂತ ಎಷ್ಟೋ ಬೇಗ. ಅವರು ಮಾಡಬೇಕಾದದ್ದು ಇಷ್ಟೇ: ದಿನಕ್ಕೆರಡು ಸಲ ಬಂದು ಥರ್ಮಾಮೀಟರ್ ಓದುವುದು, ಪಂಪ್ ಸದ್ದು ಕೇಳುವುದು, ಟಾಪ್‌ಆಫ್ ಡ್ರಮ್ಮಿಗೆ ಆರ್‌ಓ ನೀರು ತುಂಬುವುದು, ಮುಚ್ಚಳದ ಕ್ಲಿಪ್ ಒತ್ತಿ ನೋಡುವುದು. ಇದನ್ನು ಒಂದು ಕಾಗದದಲ್ಲಿ ಬರೆದು ಟ್ಯಾಂಕಿಗೆ ಅಂಟಿಸಿ, ಕೆಳಗೆ ಪಶುವೈದ್ಯರ ಮತ್ತು ನಿಮ್ಮ ಫೋನ್ ನಂಬರ್ ಹಾಕಿ.